ಫಾರ್ಮ್ಯಾಟ್ ಮಾಡಬೇಕೆಂದ ಅಳಿಯನಿಗೆ

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ಮೂರು ದಿನದ ಹಿಂದೆ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತಾಡಿದವನಿಗೆ ಮತ್ತೆ ಪತ್ರ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನೀನು ನನಗೆ ಮಾತಿನ ಸರದಿಯನ್ನೇ ಕೊಡಲಿಲ್ಲ, ಅದಕ್ಕೆ. ಸುಮ್ಮನೆ ಕೇಳಿಸಿಕೊಳ್ಳುತ್ತ ನೀನು ಕೊಟ್ಟ ತೀರ್ಪುಗಳನ್ನು ಬೆರಳಲ್ಲಿ ಎಣಿಸಿದೆ. ಆಟದ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡುಗಳೆಲ್ಲ ದಂಡ. ಬ್ಯಾಂಕಿನ ಕೆಲಸ ಫೋನಿನಲ್ಲಿ ಆಗುವಾಗ ಮತದಾನ ಯಾಕೆ ಆಗಬಾರದು? ಆಟಗಳಲ್ಲಿ ರಾಜಕೀಯ ತುರುಕಬಾರದು. ದೇಶ ನಡೆಸುವವರು ಮೊದಲು ನಗರ ಕಟ್ಟುವ ಆಟವೊಂದನ್ನು ಆಡಿ ಗೆದ್ದು ತೋರಿಸಲಿ. ಕಡೆಯದಾಗಿ, ಇಡೀ ವ್ಯವಸ್ಥೆಯನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಡಿಸ್ಕ್ ಅಳಿಸುವಂತೆ ಪೂರ್ತಿ ಅಳಿಸಿ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಈ ಕೊನೆಯದನ್ನು ಹೇಳಿ ನೀನು ನಕ್ಕೆ, ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನನ್ನ ನಗು ನಿಂತಿತು.

ಬೈಯಲು ಕೂತಿದ್ದೇನೆ ಎಂದುಕೊಳ್ಳಬೇಡ. "ಇವನಿಗೆ ಬಾಯಿ ಜಾಸ್ತಿ" ಎಂದು ನಿನ್ನ ಅಮ್ಮ ಈಗ ನಿನ್ನ ಬಗ್ಗೆ ಹೇಳುವ ಮಾತನ್ನು ಅಕ್ಕ ಮೊದಲು ಹೇಳಿದ್ದು ನನ್ನ ಬಗ್ಗೆ. ಹಳೆಯ ಡಾಸ್ ಕಂಪ್ಯೂಟರುಗಳ ಕಾಲದಲ್ಲಿ 640 ಕಿಲೋಬೈಟ್ ಮೆಮೊರಿಯೊಳಗೆ ಆಟವನ್ನು ಹೇಗಾದರೂ ಹಿಡಿಸಬೇಕೆಂದು ಕಾನ್ಫಿಗ್ ಫೈಲಿನ ಸಾಲುಗಳನ್ನು ಹಿಂದೆ ಮುಂದೆ ಮಾಡುತ್ತ ಕೂರುತ್ತಿದ್ದೆ. ಮೌಸನ್ನು ನಡೆಸುವ ಡ್ರೈವರ್ ತಂತ್ರಾಂಶ ತೆಗೆದರೆ ಸದ್ದು ಬರುತ್ತಿತ್ತು, ಸದ್ದು ಉಳಿಸಿಕೊಂಡರೆ ಸಿ.ಡಿ. ಡ್ರೈವ್ ಕಾಣೆಯಾಗುತ್ತಿತ್ತು. ಬೆಳಗಿನ ಜಾವ ಆಟ ಓಡಿತೆಂದರೆ ಪ್ರಪಂಚದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಠೀವಿ. ಅದೇ ಠೀವಿಯಲ್ಲಿ ತೆರಿಗೆ, ಚುನಾವಣೆ, ಯುದ್ಧ, ಎಲ್ಲದರ ಬಗ್ಗೆಯೂ ಮನೆಮಂದಿಗೆ ಪಾಠ ಹೇಳುತ್ತಿದ್ದೆ. ನಿನ್ನದು ವಂಶಪಾರಂಪರ್ಯದ ಕಾಯಿಲೆ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ನಿನ್ನೊಡನೆ ನನಗೆ ಜಗಳವಿಲ್ಲ. ಅಲ್ಲಿ ನಿನ್ನ ಮಾತಿಗೆ ತೂಕವಿದೆ, ಯಾಕೆಂದರೆ ಅದನ್ನು ನೀನು ಸಂಪಾದಿಸಿದ್ದೀಯ. ಕಳೆದ ವರ್ಷ ನಿನ್ನ ಕಂಪ್ಯೂಟರಿನಲ್ಲಿ ಆಟ ತೊದಲುತ್ತಿದ್ದದ್ದು ನೆನಪಿದೆಯೇ? ನೀನು ಯಾರನ್ನೂ ದೂರಲಿಲ್ಲ. ಎರಡು ವಾರ ಕೂತೆ. ಡ್ರೈವರ್ ಬದಲಿಸಿದೆ, ತಾಪಮಾನ ಬರೆದಿಟ್ಟುಕೊಂಡೆ, ಮೆಮೊರಿಯ, ಅಂದರೆ ರ‍್ಯಾಮಿನ ಒಂದೊಂದು ಪಟ್ಟಿಯನ್ನೂ ಬಿಚ್ಚಿ ಬೇರೆ ಬೇರೆ ಸ್ಲಾಟಿನಲ್ಲಿ ಹಾಕಿ ನೋಡಿದೆ. ಕಡೆಗೆ ಗೊತ್ತಾದದ್ದು ಇಷ್ಟು: ಪೆಟ್ಟಿಗೆಯ ಮೇಲೆ ವೇಗ 3200 ಎಂದು ಬರೆದಿದ್ದ ಮೆಮೊರಿ, ಯಂತ್ರ ಶುರುವಾಗುವಾಗಿನ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಒಂದು ಆಯ್ಕೆ ಆನ್ ಮಾಡದ ಕಾರಣ 2133ರಲ್ಲೇ ಓಡುತ್ತಿತ್ತು. ದುಬಾರಿ ಕಾರ್ಡನ್ನು ಬದಲಿಸಲು ಹೊರಟಿದ್ದವನು ಒಂದು ಗುಂಡಿ ಒತ್ತಿ ಗೆದ್ದೆ.

ಒಂದು ಮೆಮೊರಿ ಪಟ್ಟಿಗೆ ಎರಡು ವಾರದ ಮರ್ಯಾದೆ ಕೊಟ್ಟವನು, ಕೋಟ್ಯಂತರ ಜನ ಬದುಕುತ್ತಿರುವ ವ್ಯವಸ್ಥೆಗೆ ಎರಡು ನಿಮಿಷ ಕೊಡುತ್ತೀಯಲ್ಲ? ಮದರ್‌ಬೋರ್ಡಿನ ಕೈಪಿಡಿಯನ್ನು ಮೊದಲ ಪುಟದಿಂದ ಓದುವವನು ನೀನು. ಯಾವುದಾದರೂ ಒಂದು ಮಸೂದೆಯನ್ನು, ಒಂದೇ ಒಂದನ್ನು, ಕೊನೆಯ ಕಲಮಿನ ತನಕ ಓದಿದ್ದೀಯಾ? ನಾನಂತೂ ನಲವತ್ತು ದಾಟುವ ತನಕ ಓದಿರಲಿಲ್ಲ. ಬಾಯಿ ಮಾತ್ರ ಹದಿನೆಂಟಕ್ಕೇ ತೆರೆದಿತ್ತು.

ಇನ್ನು ಫಾರ್ಮ್ಯಾಟಿನ ಮಾತು. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

1997ರಲ್ಲಿ ನನ್ನ ಗೆಳೆಯನೊಬ್ಬ ತನ್ನ ಕಂಪ್ಯೂಟರ್ ಬಹಳ ನಿಧಾನವಾಗಿದೆ, ಬಂದು ನೋಡು ಎಂದ. ಹೋದೆ, ನೋಡಿದೆ, ಐದು ನಿಮಿಷದಲ್ಲಿ ತೀರ್ಪು ಕೊಟ್ಟೆ: ಫಾರ್ಮ್ಯಾಟ್. ಬೇಜವಾಬ್ದಾರಿಯಿಂದ ಮಾಡಿದೆ ಎನ್ನುವಂತಿಲ್ಲ. ಅವನ ಕಡತಗಳನ್ನೆಲ್ಲ ಫ್ಲಾಪಿಗಳಿಗೆ ತುಂಬಿಸಿ, ಪ್ರತಿಯೊಂದಕ್ಕೂ ಹೆಸರು ಬರೆದು ಅಂಟಿಸಿದ ಮೇಲೆಯೇ ಡಿಸ್ಕ್ ಅಳಿಸಿದೆ. ಸಂಜೆಯ ಹೊತ್ತಿಗೆ ಯಂತ್ರ ಹೊಸದರಂತೆ ಓಡುತ್ತಿತ್ತು. ಮೊದಲ ಫ್ಲಾಪಿ ಹಾಕಿ ಅವನ ಪ್ರಬಂಧದ ಕಡತ ತೆರೆದೆ. ಪಿಎಚ್.ಡಿ.ಗೆಂದು ಅವನೇ ಒಂದೊಂದು ಅಕ್ಷರ ಹುಡುಕಿ ಟೈಪ್ ಮಾಡಿದ್ದ ನೂರನಲವತ್ತು ಪುಟ ಕನ್ನಡ. ತೆರೆಯ ಮೇಲೆ ಕನ್ನಡ ಇರಲಿಲ್ಲ. ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟು ಎಳೆದ ಇಂಗ್ಲಿಷಿನ ಎ, ನಡುನಡುವೆ ಒಂದು ಕ್ಯೂ. ಪುಟದ ಮೇಲೆ ಪುಟ ಅದೇ.

ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲೆಡೆ ಒಂದೇ ಸಂಖ್ಯೆ ಕೊಡುವ ಯುನಿಕೋಡ್ ಆಗ ನಮ್ಮ ಯಂತ್ರಗಳಿಗೆ ಇನ್ನೂ ಬಂದಿರಲಿಲ್ಲ. ಕನ್ನಡವೆಂದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಹೊದಿಸಿದ ವೇಷ. ಯಾವ ಗುರುತಿಗೆ ಯಾವ ಅಕ್ಷರ ಎಂಬುದನ್ನು ಫಾಂಟ್ ಮಾಡಿದವರು ತಮಗೆ ತೋಚಿದಂತೆ ಇಟ್ಟುಕೊಳ್ಳುತ್ತಿದ್ದರು. ಆ ಫಾಂಟ್ ವಿಂಡೋಸ್‌ನ ಒಳಗೆಲ್ಲೋ ಕೂತಿತ್ತು, ಅಳಿಸಿಹೋಯಿತು. ಅದನ್ನು ಹಾಕಿಕೊಟ್ಟವರ ಮೂಲ ಫ್ಲಾಪಿ ಕೆಟ್ಟುಹೋಗಿತ್ತು. ನಾನು ಕಡತ ಉಳಿಸಿದ್ದೆ, ಅದನ್ನು ಓದುವ ಕಣ್ಣನ್ನು ಉಳಿಸಿರಲಿಲ್ಲ. ಮುದ್ರಿಸಿಟ್ಟುಕೊಂಡಿದ್ದ ಎರಡು ಅಧ್ಯಾಯ ಬಿಟ್ಟು ಉಳಿದದ್ದನ್ನು ಅವನು ಕರಡು ಹಾಳೆಗಳಿಂದ ಮತ್ತೆ ಟೈಪ್ ಮಾಡಿದ. ಆರು ತಿಂಗಳು ಹಿಡಿಯಿತು. ಕೂಗಾಡಲಿಲ್ಲ. "ಅಳಿಸುವ ಮೊದಲು ಒಂದು ಮಾತು ಕೇಳಿದ್ದರೆ ಫಾಂಟಿನ ವಿಷಯ ಹೇಳುತ್ತಿದ್ದೆ" ಎಂದ, ಅಷ್ಟೇ. ಅವನಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ನಾನು ಕೇಳಿರಲಿಲ್ಲ.

ನೋಡು, ನನ್ನ ಪಟ್ಟಿಯಲ್ಲಿ ಇದ್ದದ್ದು ಯಾವುದೂ ಕಳೆದುಹೋಗಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಕಳೆದುಹೋಯಿತು. ನಮ್ಮಂಥ ಯಂತ್ರಪ್ರೇಮಿಗಳು ರಾಜಕೀಯಕ್ಕೆ ಕೈ ಹಾಕಿದಾಗಲೆಲ್ಲ ಎಡವುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಫೋನಿನ ಮತದಾನವನ್ನೇ ತೆಗೆದುಕೋ. ಬ್ಯಾಂಕಿಗೆ ಆಗುವುದು ಇದಕ್ಕೆ ಯಾಕಾಗದು ಎಂದೆ. ಬ್ಯಾಂಕಿನ ಪ್ರತಿ ವಹಿವಾಟಿಗೂ ನಿನ್ನ ಹೆಸರು ಅಂಟಿಕೊಂಡಿರುತ್ತದೆ. ತಪ್ಪಾದರೆ ಖಾತೆಯ ವಿವರ ನೋಡಿ ನೀನೇ ಹಿಡಿಯುತ್ತೀಯ, ದೂರು ಕೊಡುತ್ತೀಯ, ಹಣ ವಾಪಸ್ ಬರಬಹುದು. ಮತಕ್ಕೆ ನಿನ್ನ ಹೆಸರು ಅಂಟಬಾರದು. ಯಾರಿಗೆ ಹಾಕಿದೆ ಎಂಬ ರಸೀದಿ ನಿನ್ನ ಕೈಗೂ ಸಿಗಬಾರದು, ಸಿಕ್ಕರೆ ಅದನ್ನು ತೋರಿಸು ಎಂದು ಹೆದರಿಸುವವರೂ, ಕೊಂಡುಕೊಳ್ಳುವವರೂ ಹುಟ್ಟುತ್ತಾರೆ. ಹೆಸರೂ ಇಲ್ಲ, ರಸೀದಿಯೂ ಇಲ್ಲ ಎಂದಮೇಲೆ ನಡುವೆ ಎಲ್ಲಾದರೂ ನಿನ್ನ ಮತ ಬದಲಾದರೆ ನಿನಗೆ ತಿಳಿಯುವುದು ಹೇಗೆ?

2003ರ ಮೇ 18ರಂದು ಬೆಲ್ಜಿಯಂನಲ್ಲಿ ಚುನಾವಣೆ ನಡೆಯಿತು, ಕೆಲವೆಡೆ ಮತ ಎಣಿಸಿದ್ದು ಕಂಪ್ಯೂಟರ್. ಬ್ರಸೆಲ್ಸ್‌ಗೆ ಸೇರಿದ ಸ್ಕಾರ್‌ಬೀಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ, ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದದ್ದು ಕಣ್ಣಿಗೆ ಬಿತ್ತು. ಮರು ಎಣಿಕೆ ಮಾಡಿದರೆ ಸರಿಯಾಗಿ 4096 ಮತ ಹೆಚ್ಚು. ಈ ಸಂಖ್ಯೆ ನೋಡಿದ ಕೂಡಲೇ ನಿನ್ನ ಹುಬ್ಬು ಮೇಲೇರುತ್ತದೆ ಎಂದು ಗೊತ್ತು. ಎರಡರ ಹನ್ನೆರಡನೆಯ ಘಾತ, ಅಂದರೆ ಕಂಪ್ಯೂಟರಿನ ಸೊನ್ನೆ-ಒಂದುಗಳ ಲೆಕ್ಕದಲ್ಲಿ ಒಂದೇ ಒಂದು ಬಿಟ್. ತಂತ್ರಾಂಶ ಶೋಧಿಸಿದವರಿಗೆ ಅದರಲ್ಲಿ ದೋಷ ಸಿಗಲಿಲ್ಲ. ಮೆಮೊರಿಯಲ್ಲಿ ಸೊನ್ನೆಯೊಂದು ತಾನಾಗಿ ಒಂದಾಗಿರಬೇಕು ಎಂಬಲ್ಲಿಗೆ ಬಂದು ನಿಂತರು. ನನಗೆ ಇದರಲ್ಲಿ ಭಯವಾಗುವುದು 4096ರಿಂದ ಅಲ್ಲ. ತಿರುಗಿದ್ದು ಅದೇ ಸಂಖ್ಯೆಯ ಕೆಳಗಿನ, ಕಡಿಮೆ ಬೆಲೆಯ ಬಿಟ್ ಆಗಿದ್ದರೆ? ಅರವತ್ತನಾಲ್ಕು ಮತ ಹೆಚ್ಚಾಗಿದ್ದರೆ ಯಾರ ಹುಬ್ಬೂ ಏರುತ್ತಿರಲಿಲ್ಲ.

2009ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ತಮ್ಮಲ್ಲಿ ಬಳಸಿದ್ದ ಮತಯಂತ್ರಗಳ ಬಗ್ಗೆ ತೀರ್ಪು ಕೊಡುವಾಗ ಹೇಳಿದ್ದರ ಸಾರ ಇದು: ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಗೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸಲು ಬರಬೇಕು. ಮೊದಲು ಓದಿದಾಗ ಇದು ಹಳೇ ಕಾಲದವರ ಹಟ ಅನ್ನಿಸಿತ್ತು. ನಿನ್ನ ಅಮ್ಮನನ್ನು ನೆನೆಸಿಕೊಂಡ ಮೇಲೆ ಅರ್ಥವಾಯಿತು. ಕಾಗದದ ಮತಪತ್ರ ಎಣಿಸುವುದನ್ನು ಅಕ್ಕ ಎದುರಿಗೆ ನಿಂತು ನೋಡಿ ಸರಿಯೋ ತಪ್ಪೋ ಹೇಳಬಲ್ಲಳು. ಸರ್ವರ್ ಒಳಗಿನದ್ದನ್ನು ನಿನ್ನನ್ನು ನಂಬಿಯೇ ಒಪ್ಪಬೇಕು. ನಿನ್ನನ್ನು ನಂಬಿಯಾಳು. ನಿನ್ನ ಎದುರು ಪಕ್ಷದ ಸುಹಾಸನನ್ನು?

ಇಷ್ಟೆಲ್ಲ ಹೇಳಿದ ಮೇಲೆ ನನಗೆ ವಿರುದ್ಧವಾದ ಸಾಕ್ಷಿಯನ್ನೂ ಕೊಡಬೇಕು. ಎಸ್ಟೋನಿಯದಲ್ಲಿ 2005ರಿಂದ ಇಂಟರ್ನೆಟ್ ಮೂಲಕ ಮತ ಹಾಕುತ್ತಿದ್ದಾರೆ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಹಾಗೆಯೇ ಬಂದವು. ಯಾರೋ ಪಕ್ಕದಲ್ಲಿ ನಿಂತು ಬಲವಂತ ಮಾಡಿದರೆ ಆಮೇಲೆ ಮತ್ತೆ ಹಾಕಬಹುದು, ಕೊನೆಯದಷ್ಟೇ ಎಣಿಕೆಗೆ ಬರುತ್ತದೆ. ಯಾರೋ ಬಲವಂತದ ವಿಷಯವನ್ನು ಪಟ್ಟಿಗೆ ಸೇರಿಸಿದ್ದರಿಂದ ಹುಟ್ಟಿದ ನಿಯಮ ಅದು. ಸರ್ವರಿನ ಬಗ್ಗೆ ತಕರಾರುಗಳು ಅಲ್ಲೂ ನಿಂತಿಲ್ಲ. ಹಾಗಾಗಿ ಆಗಲಾರದು ಎಂದು ನಾನು ಹೇಳುತ್ತಿಲ್ಲ. "ಯಾಕಾಗಬಾರದು" ಎಂದು ಕೇಳಿದವನು ಉತ್ತರ ಬರುವ ತನಕ ಕಾಯಬೇಕು ಎನ್ನುತ್ತಿದ್ದೇನೆ.

ನಗರ ಕಟ್ಟುವ ಆಟದ ವಿಚಾರ ನನಗೆ ಬಹಳ ಪ್ರಿಯ. ಆಟಗಳನ್ನು ರೂಪಿಸುವ ಅಮೆರಿಕದ ವಿಲ್ ರೈಟ್ 1984ರಲ್ಲಿ ಹೆಲಿಕಾಪ್ಟರಿನಿಂದ ಬಾಂಬ್ ಹಾಕುವ ಆಟವೊಂದನ್ನು ಮಾಡಿದ. ಬಾಂಬ್ ಹಾಕುವುದಕ್ಕಿಂತ ಅದಕ್ಕೆ ಬೇಕಾದ ದ್ವೀಪ, ರಸ್ತೆ ಕಟ್ಟುವುದೇ ಅವನಿಗೆ ಹೆಚ್ಚು ಖುಷಿ ಕೊಟ್ಟಿತು. ಅದರಿಂದ 1989ರಲ್ಲಿ ನಗರ ಕಟ್ಟುವ ಆಟ ಸಿಮ್‌ಸಿಟಿ ಬಂತು. ಅದರ ಬೆನ್ನ ಹಿಂದೆ ನಮ್ಮಂಥ ಇನ್ನೊಬ್ಬ ಯಂತ್ರಪ್ರೇಮಿ ಇದ್ದ: ಜೇ ಫಾರೆಸ್ಟರ್, ಹಳೆಯ ಕಂಪ್ಯೂಟರುಗಳ ಮ್ಯಾಗ್ನೆಟಿಕ್ ಕೋರ್ ಮೆಮೊರಿಯನ್ನು ರೂಪಿಸಿದವರಲ್ಲಿ ಒಬ್ಬ. ಮೆಮೊರಿಯ ಕೆಲಸ ಮುಗಿಸಿ ನಗರಗಳ ಕಡೆ ತಿರುಗಿದ ಅವನು 1969ರಲ್ಲಿ ಇಡೀ ನಗರಕ್ಕೊಂದು ಗಣಿತ ಮಾದರಿ ಪ್ರಕಟಿಸಿದ. ಬಡವರಿಗೆ ಅಗ್ಗದ ಮನೆ ಕಟ್ಟಿಸಿದರೆ ನಗರ ಇನ್ನೂ ಹಾಳಾಗುತ್ತದೆ ಎಂದು ಅವನ ಕಂಪ್ಯೂಟರ್ ಹೇಳಿತು. ಟೀಕಾಕಾರರು ಬಿಚ್ಚಿ ನೋಡಿದರೆ ಆ ಮಾದರಿಯಲ್ಲಿ ಉಪನಗರಗಳೇ ಇರಲಿಲ್ಲ. ಅವನ ಪಟ್ಟಿಯಲ್ಲೂ ಫಾಂಟ್ ಬಿಟ್ಟುಹೋಗಿತ್ತು, ನೋಡು.

2013ರ ಸಿಮ್‌ಸಿಟಿ ಮಾಡಿದವರಿಗೆ ಮತ್ತೊಂದು ತಮಾಷೆಯ ತೊಡಕು ಎದುರಾಯಿತು. ನಿಜವಾದ ನಗರಗಳಲ್ಲಿ ಇರುವಷ್ಟು ವಾಹನ ನಿಲುಗಡೆಯ ಜಾಗವನ್ನು ಆಟದಲ್ಲಿ ಇಟ್ಟರೆ ನಗರವೆಲ್ಲ ಬರೀ ನಿಲುಗಡೆ ಬಯಲಾಗಿ ಕಾಣುತ್ತದೆ, ಆಡುವವರಿಗೆ ಬೇಸರ. ಹಾಗಾಗಿ ಅದೆಲ್ಲ ನೆಲದಡಿಯಲ್ಲಿದೆ ಎಂದುಕೊಂಡು ಬಿಟ್ಟುಬಿಟ್ಟರು. ಆಟಕ್ಕೆ ಅದು ಸರಿಯಾದ ನಿರ್ಧಾರವೇ. ಆದರೆ ಆ ಆಟ ಗೆದ್ದವನ ಕೈಗೆ ನಗರ ಕೊಡು ಎನ್ನುತ್ತೀಯಲ್ಲ, ಅವನು ಕಾರುಗಳನ್ನು ಎಲ್ಲಿ ನಿಲ್ಲಿಸುತ್ತಾನೆ?

ಆಟದಲ್ಲಿ ರಾಜಕೀಯ ಬೇಡ ಎಂಬ ಮಾತಿಗೆ ಹೆಚ್ಚು ಬರೆಯುವುದಿಲ್ಲ, ಅದಕ್ಕೆ ನೀನೇ ಉತ್ತರ. 2014ರ ದಿ ಕ್ರೂ ಎಂಬ ಕಾರ್ ಪಂದ್ಯದ ಆಟದ ಸರ್ವರುಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ, ಹಣ ಕೊಟ್ಟವರಿಗೂ ಆಡಲು ಏನೂ ಉಳಿಯಲಿಲ್ಲ. ನೀನು ಆ ಆಟ ಆಡಿದವನೇ ಅಲ್ಲ, ಆದರೂ ಒಂದು ವಾರ ಕುದಿಯುತ್ತಿದ್ದೆ. ಕೊಂಡದ್ದು ಯಾರದು, ಮಾರಿದವನಿಗೆ ಅದನ್ನು ಕಿತ್ತುಕೊಳ್ಳುವ ಹಕ್ಕು ಇದೆಯೇ ಎಂದು ನನ್ನ ಹತ್ತಿರ ವಾದ ಮಾಡಿದೆ. ಯುರೋಪಿನಲ್ಲಿ ಆಟಗಾರರು ಅದೇ ಪ್ರಶ್ನೆ ಹಿಡಿದು ಸಹಿ ಸಂಗ್ರಹಕ್ಕೆ ಹೊರಟರು, 2025ರ ಜುಲೈಗೆ ಹತ್ತು ಲಕ್ಷ ದಾಟಿತು. ಅದು ರಾಜಕೀಯವಲ್ಲದೆ ಮತ್ತೇನು? ನಿನ್ನ ಬಾಯಿಂದ ಬಂದ ರಾಜಕೀಯದ ಮಾತುಗಳಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕೇಳಿಸಿದ್ದು ಅದೇ, ಯಾಕೆಂದರೆ ಪರವಾನಗಿ ಒಪ್ಪಂದದ ಸಾಲುಗಳನ್ನು ಓದಿ ಬಂದು ಮಾತಾಡಿದ್ದೆ.

ಆದ್ದರಿಂದ ಮುಂದಿನ ಸಲ ಫೋನ್ ಮಾಡುವಾಗ ಐದು ತೀರ್ಪು ತರಬೇಡ, ಒಂದನ್ನು ತಾ. ಯಾವುದಾದರೂ ಸರಿ, ನನಗೆ ಒಪ್ಪಿಗೆಯಾಗದ್ದಾದರೂ ಸರಿ. ಆದರೆ ಅದಕ್ಕೆ ಆ ಮೆಮೊರಿ ಪಟ್ಟಿಗೆ ಕೊಟ್ಟಷ್ಟು ದಿನ ಕೊಟ್ಟಿರಬೇಕು, ಮತ್ತು ಅದರಿಂದ ತೊಂದರೆಗೆ ಸಿಲುಕುವ ಒಬ್ಬರನ್ನಾದರೂ ಕೇಳಿರಬೇಕು. ಆಗ ನಾನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತೇನೆ.

ಮತ್ತೆ ಒಂದು ಕೆಲಸ. ಗೆಳೆಯನ ಆ ಫ್ಲಾಪಿ ಇನ್ನೂ ನನ್ನ ಹತ್ತಿರವೇ ಇದೆ. ಬೇಡ ಎಂದಿದ್ದ, ನನಗೆ ಎಸೆಯಲು ಮನಸ್ಸಾಗಲಿಲ್ಲ. ಅವನ ಎರಡು ಅಧ್ಯಾಯಗಳ ಮುದ್ರಿತ ಪ್ರತಿ ಇರುವುದರಿಂದ ಯಾವ ಗುರುತಿಗೆ ಯಾವ ಅಕ್ಷರ ಎಂದು ಹೋಲಿಸಿ ಪಟ್ಟಿ ಮಾಡಿ, ಉಳಿದದ್ದನ್ನು ಯುನಿಕೋಡಿಗೆ ತಿರುಗಿಸುವ ಪ್ರೋಗ್ರಾಂ ಬರೆಯಲು ನಿನಗೆ ಕಷ್ಟವಾಗದು. ಡಿಸ್ಕ್ ಓದಲು ಬರುತ್ತದೋ ಇಲ್ಲವೋ, ನೋಡೋಣ. ಬರುವಾಗ ಯುಎಸ್‌ಬಿಯ ಫ್ಲಾಪಿ ಡ್ರೈವ್ ಎಲ್ಲಾದರೂ ಸಿಕ್ಕರೆ ತೆಗೆದುಕೊಂಡು ಬಾ.

ಇಂತು ನಿನ್ನ ಪ್ರೀತಿಯ
ಮಾವ