ಸಿಮ್ ಕಟ್ ಆಗ್ತದೆ ಅಂತ ಫೋನ್ ಬಂದ್ರೆ

ಎಲ್ಲರಿಗೂ ನಮಸ್ಕಾರ, ನಿನ್ನೆ ಮಧ್ಯಾಹ್ನ ನಮ್ಮ ಅಮ್ಮನಿಗೆ ಒಂದು ಫೋನ್, ಸಿಮ್ ಕಂಪೆನಿಯಿಂದ ಮಾತಾಡುವುದು, ಕೆವೈಸಿ ಆಗ್ಲಿಲ್ಲ, ಎರಡು ಗಂಟೆಯಲ್ಲಿ ಸಿಮ್ ಕಟ್ ಅಂತ. ಮಲಯಾಳದಲ್ಲಿ ಶುರು ಮಾಡಿ ಆಮೇಲೆ ಹಿಂದಿ. ಸ್ಟಾರ್ 401 ಸ್ಟಾರ್ ಒತ್ತಿ ಅವ ಕೊಟ್ಟ ನಂಬರ್ ಹಾಕ್ಲಿಕ್ಕೆ ಹೇಳಿದ, ಅಮ್ಮ ಅಡಿಕೆ ಸುಲಿತಾ ಇದ್ದದ್ದು, ಕೈ ತೊಳೆದು ಬರ್ತೇನೆ ಅಂತ ಇಟ್ಟರು, ಬಚಾವ್. ಅದನ್ನು ಒತ್ತಿದ್ರೆ ನಮ್ಗೆ ಬರುವ ಕಾಲ್ ಎಲ್ಲ ಅವನಿಗೆ ಹೋಗ್ಬಹುದು, ಒಟಿಪಿ ಹೇಳುವ ಕಾಲ್ ಸಹ.

ಯಾರಾದ್ರೂ ಒತ್ತಿ ಆಗಿದ್ರೆ ##002# ಡಯಲ್ ಮಾಡಿ, ಫಾರ್ವರ್ಡ್ ರದ್ದಾಗ್ತದೆ. ದುಡ್ಡು ಹೋಗಿದ್ರೆ ನಾಚಿಕೆ ಬೇಡ, ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯ ಹಿರಿಯರಿಗೆ ಇವತ್ತೇ ಹೇಳಿ ದಯವಿಟ್ಟು. ಪೆರ್ಲ, ಬದಿಯಡ್ಕ ಕಡೆ ಯಾರಿಗೆಲ್ಲ ಇಂಥ ಕಾಲ್ ಬಂದಿದೆ, ಇಲ್ಲೇ ತಿಳಿಸಿ.