ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಸ್ಟ್ರಿಪ್ ಮೇಲೆ ‘ವಾರಕ್ಕೆ ಒಂದೇ’ ಎಂದು ಅಚ್ಚು ಹಾಕಿಸಿ

ಮಾನ್ಯ ಸಚಿವರೇ,

ಇದೇ ವಿಷಯವಾಗಿ ನಿಮ್ಮ ಇಲಾಖೆಗೆ ಮೂರು ಪತ್ರ ಬರೆದಿದ್ದೇನೆ. ಎರಡಕ್ಕೆ ಸ್ವೀಕೃತಿ ಬಂತು, ಮೂರನೆಯದಕ್ಕೆ ಅದೂ ಇಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ: 60,000 ಯೂನಿಟ್‌ನ ವಿಟಮಿನ್ ಡಿ ಕ್ಯಾಪ್ಸೂಲಿನ ಪ್ರತಿ ಸ್ಟ್ರಿಪ್ ಮೇಲೆ, ರೋಗಿ ಓದಬಲ್ಲ ಭಾಷೆಯಲ್ಲಿ, ದಪ್ಪ ಅಕ್ಷರದಲ್ಲಿ ‘ವಾರಕ್ಕೆ ಒಂದೇ’ ಎಂದು ಅಚ್ಚಾಗಬೇಕು.

ನನ್ನ ಅಮ್ಮನಿಗೆ 68 ವರ್ಷ. ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಸವೆದಿದೆ, ವಿಟಮಿನ್ ಡಿ ತೀರಾ ಕಡಿಮೆ ಇದೆ ಎಂದರು ವೈದ್ಯರು. ಎಂಟು ವಾರ, ವಾರಕ್ಕೊಂದು ಕ್ಯಾಪ್ಸೂಲ್, ಜೊತೆಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಸರಿಯಾದ ಚಿಕಿತ್ಸೆಯೇ. ಆದರೆ ಔಷಧಿ ಕೊಡುವ ಕಿಟಕಿಯಲ್ಲಿ ಆ ಚೀಟಿಯನ್ನು ‘ದಿನಕ್ಕೊಂದು, ಎಂಟು ವಾರ’ ಎಂದು ಓದಿಕೊಂಡರು. ಏಳು ಸ್ಟ್ರಿಪ್, 56 ಕ್ಯಾಪ್ಸೂಲ್ ಎಣಿಸಿ ಕವರಿಗೆ ಹಾಕಿ ಕೊಟ್ಟರು. ಎಂಟು ಕೊಡಬೇಕಾದಲ್ಲಿ ಐವತ್ತಾರು! ಎಣಿಸುವ ಕೈ ಒಂದು ಕ್ಷಣವೂ ತಡೆಯಲಿಲ್ಲ.

ಅಮ್ಮ ಬಲು ಶಿಸ್ತಿನವಳು. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಚೌಕಕ್ಕೊಂದು ಅಡ್ಡಗೆರೆ ಎಳೆಯುತ್ತಿದ್ದಳು. ಕೈಗೆ ಪ್ಲಾಸ್ಟರ್ ಇದ್ದುದರಿಂದ ಎಡಗೈಯಲ್ಲಿ ಎಳೆದ ಸೊಟ್ಟ ಗೆರೆಗಳು ಅವು. ಒಂದು ದಿನವೂ ತಪ್ಪಿಸಲಿಲ್ಲ. ಆರನೆಯ ವಾರ ಊಟ ಬಿಟ್ಟಳು. ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿಯಿಡೀ ಮೂತ್ರಕ್ಕೆ ಏಳುವುದು, ಮಲಬದ್ಧತೆ, ವಾಂತಿ. ಬಳಲಿಕೆ ಎಂದುಕೊಂಡು ನಾನೇ ಮಾತ್ರೆಯನ್ನು ನೆನಪಿಸಿ ಕೊಟ್ಟೆ. ಅದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಎಂಟನೆಯ ವಾರದ ಕೊನೆಗೆ ನನ್ನನ್ನೇ ‘ಯಾರಮ್ಮ ನೀನು’ ಎಂದು ಕೇಳಿದಳು. ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಕ್ಯಾಲ್ಸಿಯಂ 14.2 ಇತ್ತು. ಹತ್ತೂವರೆ ದಾಟಬಾರದು. ಮೂತ್ರಪಿಂಡ ಸೋಲತೊಡಗಿತ್ತು.

ಇದು ಹೇಗಾಗುತ್ತದೆ ಎಂಬುದು ನಿಮ್ಮ ತಜ್ಞರಿಗೆ ತಿಳಿಯದ ವಿಷಯವಲ್ಲ. ವಿಟಮಿನ್ ಡಿ ನಮ್ಮ ಕರುಳಿಗೆ ಕ್ಯಾಲ್ಸಿಯಂ ಹೀರುವ ಶಕ್ತಿ ಕೊಡುತ್ತದೆ. ಅದು ಸಾಲದಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ಶೇ 10ರಿಂದ 15 ಮಾತ್ರ ದಕ್ಕುತ್ತದೆ, ಸಾಕಷ್ಟಿದ್ದರೆ ಶೇ 30ರಿಂದ 40. ಕೊರತೆಯಾದಾಗ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರಿಯುತ್ತದೆ. ಮೂಳೆ ಟೊಳ್ಳಾಗುವುದು ಹೀಗೆ. ಮಿತಿಮೀರಿದರೂ ಕೆಡುಕೇ. ಕರುಳು ಬೇಕಾದ್ದಕ್ಕಿಂತ ಹೆಚ್ಚು ಹೀರುತ್ತದೆ, ಮೂಳೆಯೂ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಭಾರವೆಲ್ಲ ಮೂತ್ರಪಿಂಡದ ಮೇಲೆ ಬೀಳುತ್ತದೆ. ಮೇಲಾಗಿ ಈ ವಿಟಮಿನ್ ಕೊಬ್ಬಿನಲ್ಲಿ ಶೇಖರವಾಗುವಂಥದ್ದು. ಕ್ಯಾಪ್ಸೂಲ್ ನಿಲ್ಲಿಸಿದ ಮೇಲೂ ಅಮ್ಮನ ರಕ್ತ ತಿಂಗಳುಗಟ್ಟಲೆ ಸರಿಹೋಗಲಿಲ್ಲ.

ಕೊರತೆ ಇರುವವರು ಈ ಔಷಧಿ ಬಿಡಬಾರದು, ಅದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ದೊಡ್ಡ ಪ್ರಮಾಣವೆಂದರೆ ದೊಡ್ಡ ಲಾಭವಲ್ಲ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 70 ದಾಟಿದ 2,256 ಮಹಿಳೆಯರು ಭಾಗವಹಿಸಿದ್ದರು. ಅವರಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ನುಂಗಿದವರೇ ಹೆಚ್ಚು ಬಿದ್ದರು, ಅವರ ಮೂಳೆಗಳೇ ಹೆಚ್ಚು ಮುರಿದವು. ನನ್ನ ಅಮ್ಮ ಎರಡು ತಿಂಗಳಲ್ಲಿ ನುಂಗಿದ್ದು 33 ಲಕ್ಷ 60 ಸಾವಿರ ಯೂನಿಟ್. ಅದನ್ನು ತಡೆಯಲು ಸ್ಟ್ರಿಪ್ ಮೇಲೆ ಎರಡು ಪದ ಸಾಕಾಗಿತ್ತು. ವಾರಕ್ಕೆ ಒಂದೇ.

ಕ್ಯಾಲ್ಸಿಯಂ ಮಾತ್ರೆಯದ್ದೂ ಇದೇ ಕಥೆ. ಡಬ್ಬಿಯ ಮುಂದೆ 1,250 ಮಿಲಿಗ್ರಾಂ ಎಂದಿರುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕ, ಅದರೊಳಗಿನ ಕ್ಯಾಲ್ಸಿಯಂ 500 ಮಾತ್ರ. ಕಾರ್ಬೊನೇಟನ್ನು ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಒಗ್ಗುತ್ತದೆ, ಸಿಟ್ರೇಟ್ ಎಂಬ ಇನ್ನೊಂದು ಬಗೆಯ ಕ್ಯಾಲ್ಸಿಯಂ ಮಾತ್ರೆಗೆ ಆ ಕಟ್ಟುಪಾಡಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು. ಅಮ್ಮ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಂದೇ ಗುಟುಕಿನಲ್ಲಿ ನುಂಗುತ್ತಿದ್ದಳು. ಯಾರಾದರೂ ಹೇಳಿದ್ದರೆ ತಾನೇ? ಮೆಗ್ನೀಸಿಯಂ ಕಡಿಮೆಯಾದರೆ ವಿಟಮಿನ್ ಡಿ ದೇಹದಲ್ಲಿ ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ, ರಕ್ತ ತೆಳುವಾಗಿಸಲು ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ವಿಟಮಿನ್ ಕೆ ಮುಟ್ಟಬಾರದು. ಇವೆಲ್ಲ ಸೇರಿ ಒಂದು ಚಿಕ್ಕ ಹಾಳೆಯಲ್ಲಿ ಹಿಡಿಯುವ ಮಾತು. ಆ ಹಾಳೆ ಮುಂದೆ ಬರಲಿ, ಕಾಯುತ್ತೇನೆ. ಸ್ಟ್ರಿಪ್ ಮೇಲಿನ ಆ ಎರಡು ಪದಕ್ಕೆ ಇನ್ನು ಕಾಯಲಾರೆ.

ಔಷಧಿ ಹೊದಿಕೆಯ ಮೇಲೆ ಏನಿರಬೇಕು ಎಂಬ ನಿಯಮಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ತಯಾರಕರ ವಿಳಾಸಕ್ಕೆ, ಬ್ಯಾಚ್ ಸಂಖ್ಯೆಗೆ, ಹೊಳೆಯುವ ಹೆಸರಿಗೆ ಅಲ್ಲಿ ಜಾಗವಿದೆ. ರೋಗಿಗೆ ಬೇಕಾದ ಒಂದೇ ಸಾಲಿಗೆ ಜಾಗವಿಲ್ಲವೆಂದರೆ ನಾನು ಒಪ್ಪುವುದಿಲ್ಲ. ‘ವೈದ್ಯರ ಸಲಹೆಯಂತೆ’ ಎಂದು ಬರೆದಿದೆಯಲ್ಲ ಎಂದು ನಿಮ್ಮ ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದರು. ನಮಗೆ ಸಾಕಾಗಿದೆ, ಸ್ವಾಮಿ, ಈ ಉತ್ತರ ಕೇಳಿ. ವೈದ್ಯರ ಸಲಹೆ ಕಿಟಕಿಯ ಆಚೆಗೇ ತಪ್ಪಿಹೋಗಿತ್ತು, ಅದು ಅಮ್ಮನ ಕೈಗೆ ತಲುಪಲೇ ಇಲ್ಲ.

ಅಮ್ಮ ಈಗ ನನ್ನನ್ನು ಗುರುತಿಸುತ್ತಾಳೆ. ಮೂತ್ರಪಿಂಡ ಪೂರ್ತಿ ಚೇತರಿಸಿಕೊಂಡಿಲ್ಲ. ಯಾವ ಮಾತ್ರೆ ಕೊಟ್ಟರೂ ಅಂಗೈಯಲ್ಲಿಟ್ಟುಕೊಂಡು ‘ಇದು ದಿನಕ್ಕೋ, ವಾರಕ್ಕೋ’ ಎಂದು ಎರಡೆರಡು ಸಲ ಕೇಳುತ್ತಾಳೆ. ಮುಂದಿನ ಔಷಧಿ ಖರೀದಿಯ ಆದೇಶಕ್ಕೆ ನೀವು ಸಹಿ ಹಾಕುವ ಮುನ್ನ ಆ ಷರತ್ತನ್ನು ಸೇರಿಸಿ: ಪ್ರತಿ ಸ್ಟ್ರಿಪ್ ಮೇಲೆ, ಓದಬಲ್ಲ ಭಾಷೆಯಲ್ಲಿ, ‘ವಾರಕ್ಕೆ ಒಂದೇ’. ಉತ್ತರವಾಗಿ ನನಗೆ ಸ್ವೀಕೃತಿ ಪತ್ರ ಬೇಡ, ಹಾಗೆ ಅಚ್ಚಾದ ಒಂದು ಸ್ಟ್ರಿಪ್ ತೋರಿಸಿ.

ಇತಿ,
ಆ ತಾಯಿಯ ಮಗಳು