‘ಕಾಮ್ 3’ ಎಂದು ಬರೆದಿಡಬೇಡಿ, ಪೋರ್ಟ್ ಹುಡುಕಿಸಿ

ಮಾನ್ಯ ಸಂಪಾದಕರೇ,

ಆರ್ಡುಯಿನೊ (ಪ್ರೋಗ್ರಾಂ ಹಾಕಿ ನಡೆಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಜೋಡಿಸಿದ ವಿದ್ಯಾರ್ಥಿ ಪ್ರಾಜೆಕ್ಟ್ ಮನೆಯಲ್ಲಿ ಸರಿಯಾಗಿ ನಡೆದು, ಪರೀಕ್ಷಕರೆದುರು ‘ಪೋರ್ಟ್ ಇಲ್ಲ’ ಎಂದು ಕೈಕೊಟ್ಟರೆ ಮೊದಲು ಕೋಡ್ ನೋಡಬೇಕು. ಅಲ್ಲಿ ಬೋರ್ಡ್ ಜೋಡಿಸಿದ ಸೀರಿಯಲ್ ಪೋರ್ಟಿನ ಹೆಸರನ್ನು ‘ಕಾಮ್ 3’ ಎಂದು ಬರೆದಿಟ್ಟಿರುವುದೇ ಹೆಚ್ಚು. ಆ ಸಂಖ್ಯೆ ಬೋರ್ಡಿನದಲ್ಲ, ವಿಂಡೋಸ್ ಕೊಟ್ಟದ್ದು. ಅಗ್ಗದ ಬೋರ್ಡುಗಳಲ್ಲಿ ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಸಿಎಚ್340 ಚಿಪ್‌ಗೆ ಸಾಮಾನ್ಯವಾಗಿ ಸ್ವಂತ ಸೀರಿಯಲ್ ನಂಬರ್ ಇರುವುದಿಲ್ಲ. ಹಾಗಾಗಿ ಪಕ್ಕದ ಯುಎಸ್‌ಬಿ ಕಿಂಡಿಗೆ ಬದಲಿಸಿದರೂ ವಿಂಡೋಸ್‌ಗೆ ಅದು ಹೊಸ ಸಾಧನ, ಹೊಸ ಸಂಖ್ಯೆ.

ಪೈಥಾನ್‌ನ ಸೀರಿಯಲ್ ಪೋರ್ಟ್ ಬಳಸಲು ಇರುವ ಪೈಸೀರಿಯಲ್ ಲೈಬ್ರರಿಯಲ್ಲಿ ಇದಕ್ಕೆಂದೇ ‘ಕಾಮ್‌ಪೋರ್ಟ್ಸ್’ ಫಂಕ್ಷನ್ ಇದೆ. ಅದು ಪ್ರತಿ ಪೋರ್ಟಿನ ಹೆಸರು, ವಿವರಣೆಯ ಜೊತೆಗೆ ಯುಎಸ್‌ಬಿ ಸಾಧನವಾದರೆ ತಯಾರಕರ ಮತ್ತು ಉತ್ಪನ್ನದ ಗುರುತುಸಂಖ್ಯೆಗಳನ್ನೂ ಕೊಡುತ್ತದೆ. ಸಿಎಚ್340ಗೆ 1ಎ86:7523, ಆರ್ಡುಯಿನೊದ ಅಸಲಿ ಬೋರ್ಡ್ ಊನೊ ಆರ್3ಗೆ 2341:0043, ಸಿಎಚ್340ರಂಥದೇ ಇನ್ನೊಂದು ಚಿಪ್ ಎಫ್‌ಟಿ232ಆರ್‌ಗೆ 0403:6001. ಇವನ್ನು ಹೋಲಿಸಿ ಪೋರ್ಟ್ ಆರಿಸಬೇಕು. ಒಂದಕ್ಕಿಂತ ಹೆಚ್ಚು ಸಿಕ್ಕರೆ ಪಟ್ಟಿ ತೋರಿಸಿ ಬಳಸುವವರನ್ನೇ ಕೇಳುವುದು ಕ್ಷೇಮ.

1ರಿಂದ 256ರವರೆಗೆ ಒಂದೊಂದೇ ಪೋರ್ಟ್ ತೆರೆದು ನೋಡುವ ಹಳೆಯ ಉಪಾಯವನ್ನು ದಯವಿಟ್ಟು ಕಲಿಸಬೇಡಿ. ಬ್ಲೂಟೂತ್ ಪೋರ್ಟ್ ಎದುರಾದರೆ ಪ್ರೋಗ್ರಾಂ ಹಲವು ಸೆಕೆಂಡು ಸಿಕ್ಕಿಕೊಳ್ಳುತ್ತದೆ. ಪೋರ್ಟ್ ತೆರೆದಾಗ ಡಿಟಿಆರ್ ಸಂಕೇತ (ಕಂಪ್ಯೂಟರ್ ಸಿದ್ಧವೆಂದು ತಿಳಿಸುವುದು) ಬದಲಾಗಿ ಊನೊದಂಥ ಬೋರ್ಡ್ ರೀಸೆಟ್ ಆಗುವುದರಿಂದ, ಸಂಬಂಧವಿಲ್ಲದ ಬೋರ್ಡಿನ ಕೆಲಸವೂ ಕೆಡುತ್ತದೆ. ಸರಿಯಾದ ಪೋರ್ಟನ್ನೇ ತೆರೆದರೂ ಇದೇ ಕಾರಣಕ್ಕೆ 2 ಸೆಕೆಂಡು ಕಾದು ಆಮೇಲೆ ಡೇಟಾ ಕಳಿಸಬೇಕು.

ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಪೋರ್ಟ್ ಖಾಲಿ ಇದೆ ಎಂದಲ್ಲ. ಆರ್ಡುಯಿನೊ ತಂತ್ರಾಂಶದ ಸೀರಿಯಲ್ ಮಾನಿಟರ್ ಕಿಟಕಿ ತೆರೆದೇ ಇದ್ದರೆ ವಿಂಡೋಸ್ ‘ಆಕ್ಸೆಸ್ ಡಿನೈಡ್’ ಎನ್ನುತ್ತದೆ. ಉಬುಂಟು ಲಿನಕ್ಸ್‌ನಲ್ಲಿ ಅನುಮತಿ ಇಲ್ಲವೆಂದು ಬಂದರೆ ಬಳಕೆದಾರರನ್ನು ಸೀರಿಯಲ್ ಪೋರ್ಟ್ ಬಳಸಬಲ್ಲ ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬರಬೇಕು. ಉಬುಂಟು 22.04ರಲ್ಲಿ ಸಿಎಚ್340 ಕಾಣಿಸಿಕೊಂಡು ತಕ್ಷಣ ಮಾಯವಾದರೆ, ಬ್ರೈಲ್ ಸಾಧನಗಳಿಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ ತಂತ್ರಾಂಶ ಅದನ್ನು ತನ್ನದೆಂದು ಹಿಡಿದಿರುತ್ತದೆ. ಬ್ರೈಲ್ ಸಾಧನ ಬಳಸದ ಯಂತ್ರದಲ್ಲಿ ಮಾತ್ರ ಆ ತಂತ್ರಾಂಶವನ್ನು ತೆಗೆಯಿರಿ. ಪಟ್ಟಿಯಲ್ಲಿ ಏನೂ ಕಾಣದಿದ್ದರೆ ಕೋಡ್ ತಿದ್ದುವ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗ್‌ಗಷ್ಟೇ ಬರುವ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ.

ಪ್ರಯೋಗಾಲಯದ ಕೈಪಿಡಿ ಬರೆಯುವ ಅಧ್ಯಾಪಕರು ಮುಂದಿನ ಸೆಮಿಸ್ಟರ್‌ಗೆ ಮುನ್ನ ‘ಕಾಮ್ 3’ ಎಂಬ ಆ ಸಾಲನ್ನು ಅಳಿಸಿ, ಹುಡುಕುವ ನಾಲ್ಕು ಸಾಲು ಸೇರಿಸಬೇಕೆಂದು ಕೋರುತ್ತೇವೆ.

– ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು, ಹುಬ್ಬಳ್ಳಿ